ಡ್ರಮ್ಮಿನ ನಾದಕ್ಕೊಂದು ಒಗ್ಗರಣೆ

ಮಹಡಿಯ ಕೋಣೆಯಲ್ಲಿ ಮಗನು ಡ್ರಮ್ ಬಾರಿಸುತ್ತಿರುವನು. ಅಡಿಗೆಮನೆಯ ಪಾತ್ರೆಗಳು ಸಣ್ಣಗೆ ನಡುಗುತ್ತಿವೆ. "ಸಾಕು ಮಾಡೋ, ಎಷ್ಟು ಹೊತ್ತು ಈ ಗದ್ದಲ!" ಎಂದು ತಾಯಿ ಕೆಳಗಿನಿಂದ ಕೂಗುವಳು. ಅರ್ಧ ಗಂಟೆಯ ಬಳಿಕ ಮಗನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡ ತನ್ನ ವಾದನವನ್ನು ತಾನೇ ಕೇಳಿ, ಮುಖ ಬಾಡಿಸಿಕೊಂಡು ಕುಳಿತುಬಿಡುವನು. ಪಾತ್ರೆಗಳನ್ನು ನಡುಗಿಸಿದ ಆ ಅಬ್ಬರವೆಲ್ಲಿ? ಅಬ್ಬರದ ನಡುನಡುವೆ ಕಡ್ಡಿಯ ತುದಿಯಿಂದ ಮೆಲ್ಲಗೆ ತಟ್ಟಿದ ಆ ಹತ್ತಾರು ಪೆಟ್ಟುಗಳೆಲ್ಲಿ?

ಒಂದು ಕೋಣೆ, ಎರಡು ಮೂರು ಮೈಕು, ಒಂದು ಕಂಪ್ಯೂಟರು ಇದ್ದರೆ ಮನೆಯಲ್ಲಿಯೇ ಧ್ವನಿಮುದ್ರಣ ಸಾಧ್ಯವಾಗಿರುವ ಕಾಲವಿದು. ಈ ಹವ್ಯಾಸ ಹಿಡಿದವರಿಗೆ ಮೊದಲು ಎದುರಾಗುವ ನಿರಾಶೆಯೂ ಇದೇ. ಹೊಸ ಡ್ರಮ್ ಬೇಕು, ಹೆಚ್ಚು ಬೆಲೆಯ ಮೈಕು ಬೇಕು ಎಂದು ತಂದೆಯ ಬಳಿಗೆ ಅರ್ಜಿ ಹೋಗುವುದೂ ಈ ಘಟ್ಟದಲ್ಲಿಯೇ. ಹಣ ವೆಚ್ಚ ಮಾಡುವ ಮುನ್ನ ಒಂದು ಉಪಾಯವನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು. ಅದರ ಹೆಸರು 'ಪ್ಯಾರಲಲ್ ಕಂಪ್ರೆಷನ್'. ಕನ್ನಡದಲ್ಲಿ 'ಸಮಾಂತರ ಸಂಕೋಚನ' ಎನ್ನಬಹುದು. ಹೆಸರು ಬಿರುಸಾದರೂ ತತ್ತ್ವವು ನಮ್ಮ ಅಡಿಗೆಮನೆಯದೇ.

ಮೆಲುಪೆಟ್ಟಿನ ಮಹತ್ವ

ಮೃದಂಗ ಕೇಳಿ ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ: ತಾಳದ ಚೌಕಟ್ಟು ದೊಡ್ಡ ಪೆಟ್ಟುಗಳಲ್ಲಿದ್ದರೆ, ಅದರ ನಡೆಯ ಸೊಗಸು ಬೆರಳ ತುದಿಯ ಸಣ್ಣ ಪೆಟ್ಟುಗಳಲ್ಲಿರುತ್ತದೆ. ಪಾಶ್ಚಾತ್ಯ ಡ್ರಮ್ಮಿನಲ್ಲಿಯೂ ಹಾಗೆಯೇ. ಸ್ನೇರ್ ಡ್ರಮ್ಮಿನ ಮೇಲೆ ಕೇಳಿಯೂ ಕೇಳದಂತೆ ಬೀಳುವ ಮೆಲುಪೆಟ್ಟುಗಳಿಗೆ ಅಲ್ಲಿನವರು 'ಘೋಸ್ಟ್ ನೋಟ್' ಎನ್ನುವರು. ಇವುಗಳನ್ನು ಕೈವಶ ಮಾಡಿಕೊಳ್ಳಲು ವಾದಕನಿಗೆ ವರ್ಷಗಳೇ ಹಿಡಿಯುತ್ತವೆ. ಆದರೆ ಮುದ್ರಿಕೆಯನ್ನು ಮನೆಯಲ್ಲಿ ತಗ್ಗಿದ ಧ್ವನಿಯಲ್ಲಿ ಕೇಳುವಾಗ, ಗಿಟಾರು ಮತ್ತು ಹಾಡುಗಾರಿಕೆಗಳ ಕೆಳಗೆ, ಬೀದಿಯ ಸದ್ದಿನ ಕೆಳಗೆ, ಮೊದಲು ಮುಳುಗಿಹೋಗುವುವು ಇವೇ. ವರ್ಷಗಳ ಸಾಧನೆಯೇ ಕಿವಿಗೆ ಬೀಳದೆ ಹೋದಂತಾಯಿತು!

ಇದಕ್ಕೆ ಸಾಮಾನ್ಯವಾದ ಮದ್ದು 'ಕಂಪ್ರೆಸರ್' ಎಂಬ ಸಾಧನ. ರೇಡಿಯೋ ಒಮ್ಮೆಲೇ ಅಬ್ಬರಿಸಿದರೆ ನಾವು ತಿರುಪನ್ನು ಹಿಂದಕ್ಕೆ ತಿರುಗಿಸುವುದಿಲ್ಲವೇ? ಅದೇ ಕೆಲಸವನ್ನು ಈ ಸಾಧನವು ಕ್ಷಣದ ಸಾವಿರದೊಂದು ಭಾಗದಲ್ಲಿ ಮಾಡಬಲ್ಲುದು. ಜೋರಾದುದನ್ನು ತಗ್ಗಿಸಿದ ಮೇಲೆ ಒಟ್ಟು ಧ್ವನಿಯನ್ನು ಏರಿಸಿದರೆ ಮೆಲುಪೆಟ್ಟು ಮೇಲೆದ್ದು ಬರುವುದು. ಆದರೆ ಔಷಧಿ ಅತಿಯಾದರೆ ಬಿರುಪೆಟ್ಟಿನ ಮೊನೆಯೇ ಸವೆದುಹೋಗಿ, ಡ್ರಮ್ಮು ರಟ್ಟಿನ ಪೆಟ್ಟಿಗೆಯಂತೆ ನುಡಿಯತೊಡಗುವುದು. ಮೆಲುಪೆಟ್ಟು ಉಳಿಯಿತು, ಡ್ರಮ್ಮಿನ ಪ್ರಾಣ ಹೋಯಿತು.

ಒಗ್ಗರಣೆಯ ಲೆಕ್ಕ

ಇಲ್ಲಿಯೇ ಅಡಿಗೆಮನೆಯ ಜಾಣತನ ನೆರವಿಗೆ ಬರುವುದು. ಹುಳಿಗೆ ರುಚಿಯೇರಲೆಂದು ಹುಳಿಯನ್ನೆಲ್ಲ ಎಣ್ಣೆಗೆ ಹಾಕಿ ಹುರಿಯುವವರುಂಟೆ? ಪುಟ್ಟ ಸೌಟಿನಲ್ಲಿ ಬೇರೆಯಾಗಿ ಸಾಸಿವೆ ಕರಿಬೇವುಗಳನ್ನು ಚಟಪಟಗುಟ್ಟಿಸಿ, ಆಮೇಲೆ ಹುಳಿಗೆ ಬೆರೆಸುವೆವು. ಸಮಾಂತರ ಸಂಕೋಚನವೂ ಅಷ್ಟೇ. ಮೂಲ ಧ್ವನಿಯನ್ನು ಮುಟ್ಟದೆ ಹಾಗೆಯೇ ಇಟ್ಟು, ಅದರ ಪ್ರತಿಯೊಂದನ್ನು ನಿರ್ದಾಕ್ಷಿಣ್ಯವಾಗಿ ಹಿಂಡಿ, ಹದವರಿತು ಮೂಲಕ್ಕೆ ಬೆರೆಸುವುದು.

ಇದರ ಗುಟ್ಟು ಸಣ್ಣ ಕೂಡುವ ಲೆಕ್ಕದಲ್ಲಿದೆ. ಬಿರುಪೆಟ್ಟಿನ ಬಲ 100, ಮೆಲುಪೆಟ್ಟಿನದು 10 ಎಂದಿರಲಿ. ಪ್ರತಿಯನ್ನು ಹಿಂಡಿದಾಗ ಬಿರುಪೆಟ್ಟು ಸುಮಾರು 12ಕ್ಕೆ ಇಳಿದು, ಮೆಲುಪೆಟ್ಟು 10ರಲ್ಲಿಯೇ ಉಳಿಯಿತೆನ್ನೋಣ. ಈ ಪ್ರತಿಯನ್ನು ಇಮ್ಮಡಿ ಏರಿಸಿದರೆ 24 ಮತ್ತು 20. ಮೂಲದೊಡನೆ ಕೂಡಿಸಿರಿ: ಬಿರುಪೆಟ್ಟು 124, ಮೆಲುಪೆಟ್ಟು 30! ದೊಡ್ಡದು ಕಾಲುಭಾಗದಷ್ಟೇ ಬೆಳೆಯಿತು. ಚಿಕ್ಕದು ಮೂರು ಮಡಿಯಾಯಿತು. ಬಿರುಪೆಟ್ಟಿನ ಮೊನೆ ಮೂಲದಲ್ಲಿ ಹಾಗೆಯೇ ಇದೆ.

ಭಾರತದಲ್ಲಿ ಹೊಳೆದ ಯೋಚನೆ

ಈ ತತ್ತ್ವದ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಸ್ಥಾನವುಂಟು. ಅಮೆರಿಕೆಯ ರೇ ಡಾಲ್ಬಿಯವರು 1963ರಿಂದ 1965ರವರೆಗೆ ಯುನೆಸ್ಕೋ ಸಂಸ್ಥೆಯ ಸಲಹೆಗಾರರಾಗಿ ಭಾರತದಲ್ಲಿದ್ದರು. ಟೇಪಿನಲ್ಲಿ ಸಂಗೀತದೊಡನೆ ಕೇಳಿಬರುವ 'ಹಿಸ್ಸ್' ಎಂಬ ಸದ್ದನ್ನು ಅಡಗಿಸುವ ಯೋಚನೆ ಅವರಿಗೆ ಹೊಳೆದುದು ಇಲ್ಲಿಯೇ. 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿ ಅವರು ರೂಪಿಸಿದ ಸಾಧನದಲ್ಲಿ ಜೋರಾದ ಧ್ವನಿ ನೇರವಾದ ಹಾದಿಯಲ್ಲಿ ಹೆಚ್ಚು ಕಡಿಮೆ ಮುಟ್ಟದೆ ಸಾಗುವುದು; ಮೆಲುಧ್ವನಿಗೆ ಮಾತ್ರ ಪಕ್ಕದ ಹಾದಿಯಿಂದ ಬಲ ಬಂದು ಕೂಡುವುದು. ಉದ್ದೇಶ ಬೇರೆಯಾದರೂ ಉಪಾಯ ಒಂದೇ.

ಅದೇ ದಶಕದಲ್ಲಿ ಡೆಟ್ರಾಯ್ಟ್ ನಗರದ ಮೋಟೌನ್ ಸಂಸ್ಥೆಯವರು ಗಾಯಕರ ಕಂಠಕ್ಕೆ ಇಂಥದೇ ಹಿಂಡಿದ ಪ್ರತಿಯನ್ನು ಬೆರೆಸುತ್ತಿದ್ದರು. 1977ರಲ್ಲಿ ಮೈಕ್ ಬೆವಿಲ್ ಎಂಬವರು ಬ್ರಿಟನ್ನಿನ 'ಸ್ಟುಡಿಯೋ ಸೌಂಡ್' ಪತ್ರಿಕೆಯಲ್ಲಿ ಈ ವಿಧಾನವನ್ನು ವಿವರಿಸಿ ಬರೆದರು. ನ್ಯೂಯಾರ್ಕಿನ ಧ್ವನಿತಜ್ಞರು ಡ್ರಮ್ಮಿಗೆ ಇದನ್ನು ಎಷ್ಟು ಬಳಸಿದರೆಂದರೆ, 'ನ್ಯೂಯಾರ್ಕ್ ಕಂಪ್ರೆಷನ್' ಎಂಬ ಹೆಸರೇ ನಿಂತುಬಿಟ್ಟಿತು. ಅಂದು ದುಬಾರಿ ಯಂತ್ರಗಳು ಬೇಕಾಗಿದ್ದ ಈ ಕೆಲಸ ಇಂದು ಧ್ವನಿಮುದ್ರಣದ ಯಾವ ಸಾಧಾರಣ ತಂತ್ರಾಂಶದಲ್ಲಿಯೂ ಸಾಧ್ಯ.

ಮನೆಯಲ್ಲಿ ಮಾಡುವ ಬಗೆ

ಎಲ್ಲ ಡ್ರಮ್ಮುಗಳ ಧ್ವನಿಯನ್ನೂ ಒಂದು ಕಡೆ ಕೂಡಿಸಿ, ಅದರ ಪ್ರತಿಯನ್ನು ಬೇರೊಂದು ಚಾನಲ್ಲಿಗೆ ಕಳುಹಿಸಿರಿ. ಕಂಪ್ರೆಸರನ್ನು ಆ ಚಾನಲ್ಲಿಗೆ ಮಾತ್ರ ಹಾಕಬೇಕು. ಸಂಕೋಚನದ ಪ್ರಮಾಣವನ್ನು 10ಕ್ಕೆ 1ರಂತೆ ಇಟ್ಟು, ಮಾಪಕದ ಮುಳ್ಳು 10ರಿಂದ 20 ಡೆಸಿಬೆಲ್ ಇಳಿಯುವವರೆಗೆ ಹಿಂಡಿರಿ. ಹಿಡಿತವು ಬೇಗ ಬೀಳಲಿ. ಅದು ಸಡಿಲವಾಗುವುದು ಮಾತ್ರ ಲಯವನ್ನು ನೋಡಿಕೊಂಡು ಆಗಬೇಕು. ನಿಮಿಷಕ್ಕೆ 120 ಎಣಿಕೆಯ ನಡೆಯಲ್ಲಿ ಎಣಿಕೆಯ ಕಾಲುಭಾಗವೆಂದರೆ 125 ಮಿಲಿಸೆಕೆಂಡು. ಆದುದರಿಂದ ಸುಮಾರು 100 ಮಿಲಿಸೆಕೆಂಡಿನೊಳಗೆ ಹಿಡಿತ ಬಿಟ್ಟರೆ ಮುಂದಿನ ಮೆಲುಪೆಟ್ಟು ಉಳಿಯುವುದು.

ಆ ಬಳಿಕ ಪ್ರತಿಯ ಧ್ವನಿಯನ್ನು ಪೂರ್ತಿ ಇಳಿಸಿ, ಸೊನ್ನೆಯಿಂದ ಮೆಲ್ಲಮೆಲ್ಲನೆ ಏರಿಸುತ್ತ ಬನ್ನಿರಿ. 'ಏನೋ ಬೆರೆಯಿತು' ಎಂದು ಕಿವಿಗೆ ತಿಳಿದೊಡನೆ ಒಂದು ಕೂದಲೆಳೆಯಷ್ಟು ಇಳಿಸಿ ನಿಲ್ಲಿಸಿರಿ. ಒಗ್ಗರಣೆಯೇ ಮೂಗಿಗೆ ಹೊಡೆಯುವ ಹುಳಿ ಯಾರಿಗೆ ಬೇಕು?

ಕೆಲವು ಎಚ್ಚರಿಕೆಗಳೂ ಅವಶ್ಯ. ಜೋರಾದುದೆಲ್ಲ ಕಿವಿಗೆ ಉತ್ತಮವೆಂದೇ ತೋರುವುದರಿಂದ, ಒಟ್ಟು ಧ್ವನಿಯನ್ನು ಮೊದಲಿನ ಮಟ್ಟಕ್ಕೆ ಇಳಿಸಿಯೇ ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸಬೇಕು. ಪ್ರತಿಯು ಮೂಲಕ್ಕಿಂತ ಕೇವಲ ಒಂದು ಮಿಲಿಸೆಕೆಂಡು ತಡವಾದರೂ ಕೆಲವು ಸ್ವರಾಂಶಗಳು ಪರಸ್ಪರ ಅಳಿಸಿಹೋಗಿ ಡ್ರಮ್ಮು ಟೊಳ್ಳಾಗಿ ಕೇಳುವುದು. ಬಹುಪಾಲು ತಂತ್ರಾಂಶಗಳು ಇದನ್ನು ತಾವೇ ಸರಿಪಡಿಸುತ್ತವೆ. ಆದರೂ ಪರೀಕ್ಷಿಸುವುದು ಲೇಸು. ಇನ್ನೊಂದು ಮಾತು: ಸಂಕೋಚನಕ್ಕೆ ಪಕ್ಷಪಾತವಿಲ್ಲ. ಮೆಲುಪೆಟ್ಟಿನೊಡನೆ ತಲೆಯ ಮೇಲಿನ ಫ್ಯಾನು, ಬೀದಿಯ ಸ್ಕೂಟರು, ಕುಕ್ಕರಿನ ಸಿಳ್ಳು ಎಲ್ಲವೂ ಮೇಲೇಳುವುವು. ಮುದ್ರಣದ ವೇಳೆ ಮನೆಯವರೆಲ್ಲರ ಸಹಕಾರ ಬೇಕೆಂಬುದು ಇದರಿಂದ ಸ್ಪಷ್ಟ.

ಅಂದಮೇಲೆ ತಂದೆಯ ಬಳಿಗೆ ಹೋಗಲಿದ್ದ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿಯಬಹುದು. ಕೆಳಗಿನಿಂದ ಗದರಿದ ತಾಯಿಯನ್ನೊಮ್ಮೆ ಮಹಡಿಗೆ ಕರೆದು, ಮುದ್ರಿಕೆಯನ್ನು ಕೇಳಿಸಲಿ. ಗೋಡೆಯಾಚೆಗೆ ಬರಿಯ ಗದ್ದಲವಾಗಿ ತಲುಪಿದ್ದರಲ್ಲಿ ಇಷ್ಟು ನಯವಾದ ಕೈಕೆಲಸವಿತ್ತೆಂಬುದು ಆಗ ಆಕೆಗೂ ತಿಳಿದೀತು. ಆದರೆ ಮಗನು ಒಂದನ್ನು ಮರೆಯಬಾರದು. ಮುಳುಗಿದ ಪೆಟ್ಟನ್ನು ಈ ಉಪಾಯವು ಮೇಲೆತ್ತಬಲ್ಲುದು. ಬಾರಿಸದೆ ಬಿಟ್ಟ ಪೆಟ್ಟನ್ನು ಯಾವ ಯಂತ್ರವೂ ಕೇಳಿಸಲಾರದು.