ಕಾಲ್ಚೆಂಡಾಟದ ಅಂಗಿ: ಬಣ್ಣ, ನೂಲು, ಬೆವರು

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬಟ್ಟೆಯ ವ್ಯಾಪಾರವಿಲ್ಲದ ಬೀದಿಯನ್ನು ಹುಡುಕುವುದು ಕಷ್ಟ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಗಳ ಅಂಗಡಿಗಳ ಸಾಲು. ಅದಕ್ಕೆ ಹೊಂದಿಕೊಂಡ ಗಲ್ಲಿಗಳಲ್ಲಿ ಥಾನುಗಟ್ಟಲೆ ಅಂಗಿಯ ಬಟ್ಟೆ, ಪಂಚೆ, ಬನಿಯನು. ಕಬ್ಬನ್‌ಪೇಟೆಯಾದರೋ ಬಹುಕಾಲ ಮಗ್ಗಗಳಿಗೇ ಹೆಸರಾಗಿದ್ದ ಸ್ಥಳ. ಶಾಲೆಯ ಕಾಲ್ಚೆಂಡಿನ ತಂಡಕ್ಕೆ ಹನ್ನೊಂದು ಅಂಗಿಗಳನ್ನು ಕೊಳ್ಳಲು ಇಲ್ಲಿಗೆ ಬರುವ ವಿದ್ಯಾರ್ಥಿಗಳ ಮುಂದೆ ಅಂಗಡಿಯವರು ಸಾಮಾನ್ಯವಾಗಿ ಎರಡು ಬಗೆಯ ಬಟ್ಟೆಯನ್ನು ಹರಡುತ್ತಾರೆ. ಒಂದು ಹತ್ತಿಯದು; ಇನ್ನೊಂದು ನುಣುಪಾದ, ಹಗುರವಾದ ಪಾಲಿಯೆಸ್ಟರ್. ನಮ್ಮ ಬಿಸಿಲಿಗೆ ಹತ್ತಿಯೇ ಲೇಸೆಂದು ಹಿರಿಯರು ಹೇಳುವರು. ದೇಶದೇಶಗಳ ತಂಡಗಳು ತೊಡುವುದು ಪಾಲಿಯೆಸ್ಟರನ್ನಲ್ಲವೆ ಎಂದು ಹುಡುಗರು ಕೇಳುವರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಅದೆಷ್ಟೆಂಬುದನ್ನು ತಿಳಿಯಬೇಕಾದರೆ ಈ ಅಂಗಿ ಬೆಳೆದುಬಂದ ದಾರಿಯನ್ನೂ ಅದರ ನೂಲಿನ ಗುಣವನ್ನೂ ನಾವು ಸ್ವಲ್ಪ ಪರಿಶೀಲಿಸಬೇಕು.

ಬಣ್ಣ ಹುಟ್ಟಿದ ಬಗೆ

ಎರಡು ದೇಶಗಳ ನಡುವೆ ವಿಧಿವತ್ತಾಗಿ ನಡೆದ ಮೊದಲ ಕಾಲ್ಚೆಂಡಿನ ಪಂದ್ಯವೆಂದು ಗಣಿಸಲ್ಪಟ್ಟಿರುವುದು 1872ರ ನವೆಂಬರ್ 30ರಂದು ಗ್ಲಾಸ್ಗೋ ನಗರದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಆದ ಪಂದ್ಯ. ಸ್ಕಾಟ್ಲೆಂಡಿನವರು ಕಡುನೀಲಿಯ ಅಂಗಿಯನ್ನೂ ಇಂಗ್ಲೆಂಡಿನವರು ಬಿಳಿಯ ಅಂಗಿಯನ್ನೂ ತೊಟ್ಟಿದ್ದರು. ಯಾರೂ ಗೋಲು ಹೊಡೆಯದೆ ಆಟ ಸಮನಾಗಿ ಮುಗಿಯಿತು. ಆದರೆ ಆ ದಿನದ ಎರಡು ಬಣ್ಣಗಳು ಇಂದಿಗೂ ಆ ಎರಡು ದೇಶಗಳ ಬಣ್ಣಗಳಾಗಿ ಉಳಿದಿವೆ. ಅಂಗಿಯ ಬಣ್ಣದ ಮೊದಲ ಕೆಲಸ ಅಲಂಕಾರವಲ್ಲ. ಓಡುತ್ತಿರುವವನು ತನ್ನವನೋ ಎದುರಾಳಿಯೋ ಎಂಬುದನ್ನು ಅರೆಕ್ಷಣದಲ್ಲಿ ಗುರುತಿಸುವುದೇ ಅದರ ಪ್ರಯೋಜನ.

ಅನಂತರ ಬಂದ ದೇಶಗಳು ತಮ್ಮ ಬಣ್ಣವನ್ನು ಧ್ವಜದಿಂದಲೋ ರಾಜವಂಶದಿಂದಲೋ ಪಡೆದುವು. ಇಟಲಿಯ ಧ್ವಜದಲ್ಲಿ ನೀಲಿಯೇ ಇಲ್ಲ. ಆದರೂ 1911ರಿಂದ ಅವರ ಅಂಗಿ ನೀಲಿ. ಅದು ಆಗ ಆಳುತ್ತಿದ್ದ ಸವಾಯ್ ವಂಶದ ಬಣ್ಣ. ರಾಜತ್ವ 1946ರಲ್ಲಿ ಅಳಿದರೂ ಅಂಗಿ ಬದಲಾಗಲಿಲ್ಲ. ನೆದರ್ಲೆಂಡ್ಸಿನ ಕಿತ್ತಳೆ ಬಣ್ಣವೂ ಅಲ್ಲಿಯ ರಾಜಮನೆತನದ ಹೆಸರಿನಿಂದಲೇ ಬಂದುದು.

ಬಣ್ಣವನ್ನು ಬೇಕೆಂದೇ ಬದಲಿಸಿದ ದೇಶ ಬ್ರೆಜಿಲ್. 1950ರ ವಿಶ್ವಕಪ್ಪಿಗೆ ಭಾರತವೂ ಅರ್ಹತೆ ಪಡೆದಿತ್ತು. ಆದರೆ ನಮ್ಮವರು ಹೋಗಲಿಲ್ಲ. ಆ ಸ್ಪರ್ಧೆಯ ಕೊನೆಯ ಪಂದ್ಯದಲ್ಲಿ, ಜುಲೈ 16ರಂದು, ಬ್ರೆಜಿಲ್ ತನ್ನ ನೆಲದಲ್ಲಿಯೇ ಉರುಗ್ವೆಗೆ 2–1ರಿಂದ ಸೋತಿತು. ಅಂದು ಅವರು ತೊಟ್ಟಿದ್ದುದು ನೀಲಿ ಕಾಲರಿನ ಬಿಳಿಯ ಅಂಗಿ. ಆ ಬಿಳಿ ಬಣ್ಣ ದೇಶವನ್ನು ಪ್ರತಿನಿಧಿಸುವುದಿಲ್ಲವೆಂಬ ಕೂಗು ಎದ್ದು, 1953ರಲ್ಲಿ ಒಂದು ದಿನಪತ್ರಿಕೆ ಹೊಸ ಅಂಗಿಗಾಗಿ ಸ್ಪರ್ಧೆಯನ್ನೇರ್ಪಡಿಸಿತು. ಧ್ವಜದ ನಾಲ್ಕು ಬಣ್ಣಗಳೂ ಇರಬೇಕೆಂಬುದು ನಿಬಂಧನೆ. ಗೆದ್ದವನು ಆಲ್ದಿರ್ ಗಾರ್ಸಿಯಾ ಶ್ಲೀ ಎಂಬ ಹತ್ತೊಂಬತ್ತು ವರ್ಷದ ತರುಣ. ನಾಲ್ಕು ಬಣ್ಣಗಳನ್ನು ಅಂಗಿಯೊಂದರಲ್ಲಿಯೇ ತುರುಕಿದರೆ ಕಣ್ಣಿಗೆ ಹಿತವಾಗದೆಂದು ತಿಳಿದು, ಅವನು ಹಸಿರು ಅಂಚಿನ ಹಳದಿ ಅಂಗಿ, ನೀಲಿ ಚಡ್ಡಿ, ಬಿಳಿಯ ಕಾಲುಚೀಲ ಎಂದು ಹಂಚಿದನು. 1954ರಿಂದ ತಂಡ ತೊಟ್ಟ ಆ ಅಂಗಿಯನ್ನು ಇಂದು ಜಗತ್ತಿನ ಯಾವ ಮೂಲೆಯ ಬಾಲಕನಾದರೂ ಗುರುತಿಸಬಲ್ಲ.

ಎರಡು ಬಣ್ಣ ಒಂದೇ ಆದರೆ?

ಇಬ್ಬರ ಬಣ್ಣವೂ ಒಂದೇ ಆದಾಗ ಒಬ್ಬರು ಬದಲಿಸಲೇಬೇಕು. ಆದುದರಿಂದಲೇ ಪ್ರತಿಯೊಂದು ದೇಶಕ್ಕೂ ಎರಡನೆಯ ಅಂಗಿಯುಂಟು. 1958ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸ್ವೀಡನ್, ಬ್ರೆಜಿಲ್ ಎರಡೂ ಹಳದಿಯವರಾದ್ದರಿಂದ ಬ್ರೆಜಿಲ್ ನೀಲಿಯಲ್ಲಿ ಆಡಿ ಗೆದ್ದಿತು. 1978ರಲ್ಲಿ ಅರ್ಜೆಂಟೀನದ ಮಾರ್ ದೆಲ್ ಪ್ಲಾತಾ ಊರಿಗೆ ಫ್ರಾನ್ಸ್ ಮತ್ತು ಹಂಗೆರಿ ಎರಡೂ ಬಿಳಿಯ ಅಂಗಿಯನ್ನೇ ಹೊತ್ತು ಬಂದುವು. ಕೊನೆಗೆ ಫ್ರಾನ್ಸಿನವರು ಸ್ಥಳೀಯ ಸಂಘವೊಂದರಿಂದ ಹಸಿರು-ಬಿಳಿ ಪಟ್ಟೆಯ ಅಂಗಿಗಳನ್ನು ಎರವಲು ಪಡೆದು ಆಡಬೇಕಾಯಿತು.

ಇಲ್ಲಿ ಕಣ್ಣಿನ ವಿಜ್ಞಾನವನ್ನು ಮರೆಯುವಂತಿಲ್ಲ. ದೂರದರ್ಶನ ಕಪ್ಪು-ಬಿಳುಪಾಗಿದ್ದ ಕಾಲದಲ್ಲಿ ಕೆಂಪೂ ಹಸಿರೂ ಪರದೆಯ ಮೇಲೆ ಒಂದೇ ಬೂದುಬಣ್ಣವಾಗಿ ತೋರುತ್ತಿದ್ದುವು. ಆಗ ಮುಖ್ಯವಾದುದು ಬಣ್ಣದ ಭೇದವಲ್ಲ, ಒಂದು ತಿಳಿ ಇನ್ನೊಂದು ಗಾಢ ಎಂಬ ಭೇದ. ಬಣ್ಣದ ಪರದೆ ಬಂದ ಮೇಲೂ ಈ ತೊಡಕು ಪೂರ್ತಿಯಾಗಿ ತೊಲಗಿಲ್ಲ. ಯೂರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರುಗಳ ಭೇದ ಸರಿಯಾಗಿ ಕಾಣದು. ನಮ್ಮ ದೇಶದಲ್ಲಿ ಆ ಪ್ರಮಾಣ ಕಡಮೆಯಾದರೂ ಇಲ್ಲವೇ ಇಲ್ಲವೆಂದಲ್ಲ. 2018ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ರಷ್ಯ ಕೆಂಪನ್ನೂ ಸೌದಿ ಅರೇಬಿಯ ಹಸಿರನ್ನೂ ತೊಟ್ಟಾಗ ಇಂತಹ ಪ್ರೇಕ್ಷಕರಿಗೆ ಯಾರು ಯಾರೆಂಬುದೇ ತಿಳಿಯದಾಯಿತು. ನಿಮ್ಮ ತಂಡದಲ್ಲಿಯೂ ಇಂತಹ ಕಣ್ಣಿನ ಹುಡುಗನೊಬ್ಬನಿರಬಹುದು; ಬಣ್ಣವನ್ನು ಆರಿಸುವಾಗ ಅವನನ್ನು ನೆನೆಯುವುದು ನ್ಯಾಯ.

ಬೆನ್ನಿನ ಅಂಕಿಯೂ ಗುರುತಿಗಾಗಿಯೇ ಬಂದುದು. 1933ರ ಇಂಗ್ಲೆಂಡಿನ ಕಪ್ಪಿನ ಅಂತಿಮ ಪಂದ್ಯದಲ್ಲಿ ಒಂದು ತಂಡ 1ರಿಂದ 11, ಇನ್ನೊಂದು 12ರಿಂದ 22 ಎಂದು ಅಂಕಿಗಳನ್ನು ಧರಿಸಿತು. 1954ರ ವಿಶ್ವಕಪ್ಪಿನಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಸ್ಪರ್ಧೆಯ ಉದ್ದಕ್ಕೂ ಒಂದೇ ಅಂಕಿ ಎಂಬ ಪದ್ಧತಿ ಬಂದಿತು.

ನೆಯ್ದುದು ಬೇರೆ, ಹೆಣೆದುದು ಬೇರೆ

ಈಗ ಬಟ್ಟೆಗೆ ಬರೋಣ. ಚಿಕ್ಕಪೇಟೆಯ ಸೀರೆ ನೆಯ್ದ ಬಟ್ಟೆ. ಅದರಲ್ಲಿ ಹಾಸಿನ ಎಳೆಗಳು ಉದ್ದಕ್ಕೂ ಹೊಕ್ಕಿನ ಎಳೆಗಳು ಅಡ್ಡಕ್ಕೂ ನೇರವಾಗಿ ಚಾಚಿರುತ್ತವೆ. ನೇರವಾದ ಎಳೆಯನ್ನು ಎಳೆದರೆ ಅದು ಹೆಚ್ಚು ಹಿಗ್ಗದು. ಬನಿಯನ್ನಾದರೋ ಹೆಣೆದ ಬಟ್ಟೆ. ಅಲ್ಲಿ ಎಳೆಯು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಕೋದುಕೊಂಡಿರುತ್ತದೆ. ಎಳೆದಾಗ ಕುಣಿಕೆಯ ಆಕಾರ ಬದಲಾಗಿ ಬಟ್ಟೆ ಹಿಗ್ಗುತ್ತದೆ, ಬಿಟ್ಟಾಗ ಮರಳುತ್ತದೆ. ಕೈಯೆತ್ತಿ, ಬಾಗಿ, ಹೊರಳಿ ಆಡುವವನಿಗೆ ಬೇಕಾದುದು ಈ ಗುಣ. ಕುಣಿಕೆಗಳ ನಡುವಣ ತೆರಪುಗಳಲ್ಲಿ ಗಾಳಿಯೂ ಆಡುತ್ತದೆ. ಜರ್ಸಿ ಎಂಬ ಮಾತು ಕೂಡ ಇಂಗ್ಲಿಷ್ ಕಾಲುವೆಯಲ್ಲಿರುವ ಜರ್ಸಿ ದ್ವೀಪದಿಂದ ಬಂದುದು. ಅಲ್ಲಿಯವರು ಹೆಣಿಗೆಗೆ ಹಿಂದಿನಿಂದಲೂ ಪ್ರಸಿದ್ಧರು.

ಮೊದಲ ಕಾಲದ ಅಂಗಿಗಳು ಉಣ್ಣೆಯವು ಇಲ್ಲವೆ ದಪ್ಪ ಹತ್ತಿಯವು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಭಾರತ 2–1ರಿಂದ ಸೋತಿತಾದರೂ ನಮ್ಮ ಒಂದೇ ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನ್, ಧನರಾಜ್ ಕೂಡ ಆ ತಂಡದಲ್ಲಿದ್ದರು. ಕೃತಕ ನೂಲಿನ ಅಂಗಿ ಆಟದ ಬಯಲಿಗೆ ಇಳಿಯದಿದ್ದ ಕಾಲವದು. ಪಾಲಿಯೆಸ್ಟರ್ ಎಳೆಯನ್ನು ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು 1941ರಲ್ಲಿ ಕಂಡುಹಿಡಿದಿದ್ದರಷ್ಟೆ.

ಬೆವರಿನ ಲೆಕ್ಕ

ಆಟಗಾರನ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಗೆ ಸಲ್ಲುತ್ತದೆ, ಉಳಿದುದು ಶಾಖ. ತೊಂಬತ್ತು ನಿಮಿಷಗಳ ಬಿರುಸಿನ ಆಟದಲ್ಲಿ ಹುಟ್ಟುವ ಶಾಖವನ್ನು ಸುಮಾರು 1000 ಕಿಲೊಕ್ಯಾಲೊರಿ ಎಂದಿಟ್ಟುಕೊಳ್ಳೋಣ. 70 ಕಿಲೊಗ್ರಾಂ ತೂಕದ ದೇಹವನ್ನು 1 ಡಿಗ್ರಿ ಬಿಸಿಮಾಡಲು ಸುಮಾರು 58 ಕಿಲೊಕ್ಯಾಲೊರಿ ಸಾಕು. ಎಂದರೆ, ಶಾಖ ಹೊರಹೋಗದಿದ್ದ ಪಕ್ಷದಲ್ಲಿ ಮೈ 17 ಡಿಗ್ರಿಗಳಷ್ಟು ಕಾಯಬೇಕು! ಸಹಜವಾದ 37 ಡಿಗ್ರಿಗಿಂತ ಮೂರು ಡಿಗ್ರಿ ಏರಿದರೇ ಪ್ರಾಣಕ್ಕೆ ಅಪಾಯವೊದಗಬಹುದು.

ನಮ್ಮನ್ನು ಕಾಪಾಡುವುದು ಬೆವರು. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಇದೇ ಗುಪ್ತೋಷ್ಣ. ಈ ಲೆಕ್ಕದಂತೆ 1000 ಕಿಲೊಕ್ಯಾಲೊರಿಯನ್ನು ಒಯ್ಯಲು ಒಂದೂಮುಕ್ಕಾಲು ಲೀಟರಿನಷ್ಟು ಬೆವರು ಬೇಕು. ಆದರೆ ಒಂದು ಮಾತು: ಬೆವರು ಆವಿಯಾದರೆ ಮಾತ್ರ ತಂಪು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ವ್ಯರ್ಥ.

ಹತ್ತಿಯ ಎಳೆಗೆ ನೀರೆಂದರೆ ಪ್ರೀತಿ. ಸಾಧಾರಣ ತೇವವುಳ್ಳ ಗಾಳಿಯಲ್ಲಿ ಅದು ತನ್ನ ತೂಕದ ನೂರರಲ್ಲಿ 8 ಪಾಲಿಗೂ ಮಿಕ್ಕಿ ನೀರನ್ನು ಒಳಗೆ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಪಾಲನ್ನೂ ಇಟ್ಟುಕೊಳ್ಳದು. ಬೆವರನ್ನು ಕುಡಿದ ಹತ್ತಿಯ ಎಳೆ ಉಬ್ಬುತ್ತದೆ, ಕುಣಿಕೆಗಳ ತೆರಪು ಕಿರಿದಾಗುತ್ತದೆ, ಅಂಗಿ ಭಾರವಾಗಿ ಬೆನ್ನಿಗೆ ಅಂಟುತ್ತದೆ. ಪಾಲಿಯೆಸ್ಟರ್ ಎಳೆಯೊಳಕ್ಕೆ ನೀರು ಹೋಗದಿದ್ದರೂ ಎಳೆ ಎಳೆಗಳ ನಡುವಣ ಸಣ್ಣ ಸಂದುಗಳಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಅದು ಹರಿದು ಹೊರಮೈಯಲ್ಲಿ ಹರಡುತ್ತದೆ. ಹರಡಿದ ನೀರು ಬೇಗನೆ ಆವಿಯಾಗುತ್ತದೆ. ಎಳೆಗಳನ್ನು ಕೂದಲಿಗಿಂತ ಎಷ್ಟೋ ಸಣ್ಣದಾಗಿ ತೆಗೆಯಲು ಕಲಿತ ಮೇಲೆ ಇಂತಹ ಸಂದುಗಳೂ ಹೆಚ್ಚಾದುವು.

ಇದರ ಮಹತ್ತ್ವವನ್ನು 1986ರಲ್ಲಿ ಅರ್ಜೆಂಟೀನದವರು ಅನುಭವದಿಂದ ಅರಿತರು. ವಿಶ್ವಕಪ್ ನಡೆದುದು ಮೆಕ್ಸಿಕೋ ದೇಶದಲ್ಲಿ; ರಾಜಧಾನಿಯ ಎತ್ತರ ಸಮುದ್ರಮಟ್ಟದಿಂದ 2200 ಮೀಟರಿಗೂ ಹೆಚ್ಚು; ಆಟ ನಡುಹಗಲಿನಲ್ಲಿ. ಅವರ ಎರಡನೆಯ ನೀಲಿ ಅಂಗಿ ಹತ್ತಿಯದಾಗಿ ಬಹಳ ಭಾರವಾಗಿತ್ತು. ಇಂಗ್ಲೆಂಡಿನೊಡನೆ ಪಂದ್ಯಕ್ಕೆ ಕೆಲವೇ ದಿನಗಳಿರುವಾಗ ತಂಡದವರು ನಗರದ ಅಂಗಡಿಯೊಂದರಿಂದ ಹಗುರವಾದ ನೀಲಿ ಅಂಗಿಗಳನ್ನು ಕೊಂಡು, ಲಾಂಛನವನ್ನು ಹೊಲಿಸಿ, ಬೆಳ್ಳಿಯ ಬಣ್ಣದ ಅಂಕಿಗಳನ್ನು ಇಸ್ತ್ರಿಯಿಂದ ಅಂಟಿಸಿದರು. ಜೂನ್ 22ರಂದು ಮರಡೋನ ಆ ಅಂಗಿಯಲ್ಲಿ ಎರಡು ಗೋಲು ಹೊಡೆದನು. 2022ರ ಹರಾಜಿನಲ್ಲಿ ಅದಕ್ಕೆ 71 ಲಕ್ಷ ಪೌಂಡುಗಳಿಗೂ ಹೆಚ್ಚು ಬೆಲೆ ಬಂದಿತು. ಚಿಕ್ಕಪೇಟೆಯಲ್ಲಿ ಯಾವುದೇ ದಿನ ಮಾಡಿಸಬಹುದಾದಂತಹ ಕೆಲಸವದು!

ಅಂಕಿಯೂ ಬಣ್ಣವೂ ಹಗುರವಾದುವು

ದಪ್ಪನೆಯ ರಬ್ಬರಿನಂತಹ ಅಂಕಿಯನ್ನು ಬೆನ್ನಿಗೆ ಅಂಟಿಸಿದರೆ ಅಷ್ಟು ಜಾಗದಲ್ಲಿ ಬೆವರಿನ ದಾರಿ ಮುಚ್ಚಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಬಂದುದು ಆವಿಮುದ್ರಣ. ಕಾಗದದ ಮೇಲೆ ಅಚ್ಚಾದ ಬಣ್ಣವನ್ನು ಪಾಲಿಯೆಸ್ಟರಿನ ಮೇಲಿಟ್ಟು ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತಿದರೆ, ಕರ್ಪೂರದಂತೆ ಆ ಬಣ್ಣ ಕರಗದೆಯೇ ನೇರವಾಗಿ ಆವಿಯಾಗಿ ಎಳೆಯೊಳಕ್ಕೆ ಸೇರುತ್ತದೆ. ಮೇಲೆ ಪದರವಿಲ್ಲ, ತೂಕವಿಲ್ಲ, ಒಗೆದರೆ ಬಿಡುವುದಿಲ್ಲ. ಇಂದಿನ ಅಂಗಿಗಳಲ್ಲಿ ಕಾಣುವ ಚಿತ್ರವಿಚಿತ್ರ ವಿನ್ಯಾಸಗಳಿಗೆಲ್ಲ ಈ ಉಪಾಯವೇ ಮುಖ್ಯವಾದ ಕಾರಣ. ಹತ್ತಿಯ ಎಳೆ ಮಾತ್ರ ಈ ಬಣ್ಣವನ್ನು ಹಿಡಿದುಕೊಳ್ಳದು.

ನಮ್ಮ ದೇಶದ ತಂಡಕ್ಕೆ ಅದರ ಬಣ್ಣದಿಂದಲೇ ನೀಲಿ ಹುಲಿಗಳೆಂಬ ಹೆಸರು ಬಂದಿದೆ. ವಿದೇಶೀ ಸಂಸ್ಥೆಯಿಂದ ಬರುತ್ತಿದ್ದ ಅಂಗಿಯನ್ನು 2018ರ ಕೊನೆಯಿಂದ ಸ್ವದೇಶೀ ಸಂಸ್ಥೆಗಳು ಒದಗಿಸತೊಡಗಿದುವು. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿದ್ದ ನಮ್ಮ ರಾಜ್ಯ, 54 ವರ್ಷಗಳ ಅನಂತರ, 2023ರಲ್ಲಿ ಕರ್ನಾಟಕ ಎಂಬ ಹೆಸರಿನಲ್ಲಿ ಅದನ್ನು ಮರಳಿ ಪಡೆಯಿತು. ಅಂಗಿಯ ಎದೆಯ ಮೇಲಿನ ಹೆಸರು ಬದಲಾದರೂ ಅದರ ಹಿಂದಿರುವ ಅಭಿಮಾನ ಒಂದೇ.

ಮನೆಯಲ್ಲಿಯೇ ಒಂದು ಪ್ರಯೋಗ

ಹಳೆಯ ಹತ್ತಿಯ ಬನಿಯನಿನಿಂದಲೂ ಹಳೆಯ ಪಾಲಿಯೆಸ್ಟರ್ ಅಂಗಿಯಿಂದಲೂ ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ ತೂಗಿರಿ. ಎರಡನ್ನೂ ನೀರಿನಲ್ಲಿ ನೆನೆಸಿ, ಒಂದೇ ಬಗೆಯಾಗಿ ಹಿಂಡಿ, ಮತ್ತೆ ತೂಗಿರಿ. ಬಳಿಕ ನೆರಳಿನಲ್ಲಿ ಹಗ್ಗಕ್ಕೆ ತೂಗುಹಾಕಿ ಕಾಲು ಗಂಟೆಗೊಮ್ಮೆ ತೂಕವನ್ನು ಬರೆದುಕೊಳ್ಳಿರಿ. ಯಾವುದು ಹೆಚ್ಚು ನೀರನ್ನು ಹಿಡಿದಿತ್ತು, ಯಾವುದು ಮೊದಲು ಒಣಗಿತು ಎಂಬುದನ್ನು ಅಂಕಿಗಳೇ ಹೇಳುವುವು. ಮಳೆಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ ಇದನ್ನು ಮಾಡಿದರೆ ಇನ್ನೊಂದು ಸಂಗತಿಯೂ ತಿಳಿಯುವುದು: ಗಾಳಿಯೇ ತೇವದಿಂದ ತುಂಬಿದ್ದಾಗ ಯಾವ ಬಟ್ಟೆಯೂ ಬೇಗ ಒಣಗದು.

ಈ ಎರಡನೆಯ ಸಂಗತಿ ಮೊದಲನೆಯದಕ್ಕಿಂತ ದೊಡ್ಡದು. ಅಂಗಿಯಿಂದ ಹಿತ ಹೆಚ್ಚಬಹುದು, ಭಾರ ತಗ್ಗಬಹುದು. ಆದರೆ ಕಡುಬಿಸಿಲಿನಲ್ಲಿ ಜೀವವನ್ನು ಕಾಯುವುದು ನೀರು, ನೆರಳು ಮತ್ತು ವಿಶ್ರಾಂತಿ. 2014ರ ವಿಶ್ವಕಪ್ಪಿನಲ್ಲಿ, ಅತ್ಯುತ್ತಮವಾದ ಅಂಗಿಗಳಿದ್ದರೂ, ಸೆಕೆ ಮಿತಿಮೀರಿದಾಗ ಆಟವನ್ನು ನಿಲ್ಲಿಸಿ ನೀರು ಕುಡಿಸುವ ಏರ್ಪಾಡನ್ನು ಮಾಡಬೇಕಾಯಿತು. ಬೆಲೆಯುಳ್ಳ ಅಂಗಿಯನ್ನು ತೊಟ್ಟಿದ್ದೇನೆಂಬ ಧೈರ್ಯದಿಂದ ಮಧ್ಯಾಹ್ನದ ಬಿಸಿಲಿನಲ್ಲಿ ನೀರಿಲ್ಲದೆ ಆಡುವ ಹುಡುಗ ಅಪಾಯವನ್ನು ಆಹ್ವಾನಿಸುತ್ತಾನೆ.

ಪಾಲಿಯೆಸ್ಟರಿಗೂ ದೋಷವುಂಟು. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉದುರಿ ಚರಂಡಿಯ ಮೂಲಕ ಕೆರೆ ಹೊಳೆಗಳನ್ನು ಸೇರುತ್ತವೆ. ಹತ್ತಿಯಂತೆ ಅವು ಕೊಳೆತು ಮಣ್ಣಾಗುವುದಿಲ್ಲ. 2010ರ ವಿಶ್ವಕಪ್ಪಿನಲ್ಲಿ ಹಲವು ತಂಡಗಳ ಅಂಗಿಗಳು, ಒಂದೊಂದಕ್ಕೆ ಎಂಟು ಬಾಟಲಿಗಳವರೆಗೆ, ಬಿಸುಟ ಪ್ಲಾಸ್ಟಿಕ್ ಬಾಟಲಿಗಳನ್ನು ಕರಗಿಸಿ ತೆಗೆದ ನೂಲಿನಿಂದ ಆದುವು. ಇದು ಕಸವನ್ನು ತಗ್ಗಿಸುವ ಒಳ್ಳೆಯ ದಾರಿಯಾದರೂ ಎಳೆ ಉದುರುವುದು ಇದರಿಂದ ನಿಲ್ಲದು. ವರ್ಷಕ್ಕೊಂದು ಹೊಸ ಅಂಗಿಯನ್ನು ಕೊಳ್ಳುವುದಕ್ಕಿಂತ ಇರುವುದನ್ನೇ ಹಲವು ವರ್ಷ ಬಳಸುವುದು ಮೇಲು.

ಹಾಗಾದರೆ ಅಂಗಡಿಯಲ್ಲಿ ನಿಂತಿರುವ ವಿದ್ಯಾರ್ಥಿಗಳಿಗೆ ನಾವು ಏನು ಹೇಳಬೇಕು? ಒಂದೂವರೆ ಗಂಟೆ ಓಡುವುದಕ್ಕೆ ಸಡಿಲವಾಗಿ ಹೆಣೆದ ತೆಳು ಪಾಲಿಯೆಸ್ಟರ್ ಒಳ್ಳೆಯದು. ದಿನವೆಲ್ಲ ಉಟ್ಟು ತಿರುಗಾಡಲು ಹಿರಿಯರು ಹೇಳಿದ ಹತ್ತಿಯೇ ಹಿತ. ಬಟ್ಟೆಯನ್ನು ಬೆಳಕಿಗೆ ಹಿಡಿದು ತೆರಪುಗಳನ್ನು ನೋಡಿರಿ, ಬಿಸಿಲಿನ ಆಟಕ್ಕೆ ತಿಳಿಯಾದ ಬಣ್ಣವನ್ನು ಆರಿಸಿರಿ, ಅಂಕಿ ಗಾಢವಾಗಿರಲಿ. ಹಣ ಉಳಿದರೆ ಅದರಿಂದ ನೀರಿನ ದೊಡ್ಡ ಹೂಜಿಯೊಂದನ್ನು ಕೊಂಡು ಬಯಲಿನ ಅಂಚಿನಲ್ಲಿಡಿರಿ.