ಕೋಲೆತ್ತಿದಾಗ ಕ್ಯಾಮೆರಾ ಮೌನ

ಮದುವೆಯ ಮಂಟಪದಲ್ಲಿ ಛಾಯಾಗ್ರಾಹಕನಿಗಿರುವ ಅಧಿಕಾರ ಪುರೋಹಿತರಿಗೂ ಇಲ್ಲವೆಂದರೆ ವಾಚಕರು ಒಪ್ಪದೆ ಇರಲಾರರು. ತಾಳಿ ಹಿಡಿದ ವರನ ಕೈಯನ್ನು ಅರ್ಧದಲ್ಲಿಯೇ ತಡೆದು, "ಸ್ವಲ್ಪ ಇತ್ತ ನೋಡಿ" ಎಂದು ಅಪ್ಪಣೆ ಕೊಡಿಸುವ ಧೈರ್ಯ ಅವನೊಬ್ಬನಿಗೇ ಉಂಟು. ಅದೇ ಛಾಯಾಗ್ರಾಹಕನನ್ನು ದೊಡ್ಡ ಕಂಪನಿಯೊಂದರ ಗಾಲ್ಫ್ ದಿನಕ್ಕೆ ಕರೆದೊಯ್ದು ನಿಲ್ಲಿಸಿ. ಅಲ್ಲಿ ಅವನ ಬಾಯಿಗೂ ಬೀಗ, ಕ್ಯಾಮೆರಾದ ಬಾಯಿಗೂ ಬೀಗ. ಕೋಲನ್ನು ಎತ್ತಿ ಹಿಡಿದ ಆಟಗಾರನ ಕಿವಿಗೆ 'ಟಕ್' ಎಂಬ ಸಣ್ಣ ಸದ್ದು ಬಿದ್ದರೂ ಸಾಕು. ಚೆಂಡು ಪೊದೆಯ ಪಾಲು, ದೂರು ಛಾಯಾಗ್ರಾಹಕನ ಪಾಲು.

ಗಾಲ್ಫ್ ಬೆಂಗಳೂರಿಗೆ ಹೊಸತೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಅಂದು ಬ್ರಿಟಿಷರ ವಿನೋದವಾಗಿದ್ದ ಆಟ ಇಂದು ವ್ಯವಹಾರದ ಸೌಜನ್ಯವೂ ಆಗಿದೆ. ಕಂಪನಿಗಳು ತಮ್ಮ ಗ್ರಾಹಕರನ್ನೂ ಬ್ಯಾಂಕಿನ ಅಧಿಕಾರಿಗಳನ್ನೂ ಆಹ್ವಾನಿಸಿ, ಒಂದು ಬೆಳಗನ್ನು ಹುಲ್ಲಿನ ಮೇಲೆ ಕಳೆದು, ಊಟ ಬಡಿಸಿ, ಬಹುಮಾನ ಹಂಚಿ ಕಳುಹಿಸುತ್ತವೆ. ನಾಲ್ಕು ನಾಲ್ಕು ಮಂದಿಯ ತಂಡಗಳು, 18 ಕುಳಿಗಳು. ಎಲ್ಲ ಕುಳಿಗಳಿಂದಲೂ ಏಕಕಾಲಕ್ಕೆ ಆಟ ಆರಂಭಿಸಿದರೆ 72 ಮಂದಿ ಒಟ್ಟಿಗೆ ಆಡಿ, ಹೆಚ್ಚುಕಡಿಮೆ ಒಟ್ಟಿಗೆ ಊಟಕ್ಕೆ ಕೂಡಬಹುದು. ಈ ಕ್ರಮಕ್ಕೆ 'ಶಾಟ್‌ಗನ್' ಆರಂಭವೆಂದು ಹೆಸರು. ಛಾಯಾಗ್ರಾಹಕನಿಗಾದರೋ ಇದೊಂದು ಪೇಚಾಟ. ಒಮ್ಮೆ ಆಟ ಆರಂಭವಾಯಿತೆಂದರೆ ಅತಿಥಿಗಳು ನಾಲ್ದೆಸೆಗೂ ಚದುರಿಹೋಗುತ್ತಾರೆ. ಆದುದರಿಂದ ತಂಡಗಳ ಪಟಗಳನ್ನು ಅವರು ಹೊರಡುವ ಮೊದಲೇ ತೆಗೆದು ಮುಗಿಸಬೇಕು. ಟೋಪಿಯ ಅಂಚಿನ ನೆರಳು ಕಣ್ಣುಗಳನ್ನು ಮುಚ್ಚುವುದರಿಂದ, ಹಗಲಿನಲ್ಲಿಯೂ ಫ್ಲ್ಯಾಶಿನ ಮಂದ ಬೆಳಕು ಬೇಕಾಗುತ್ತದೆ.

ನಿಜವಾದ ಪರೀಕ್ಷೆ ಹೊಡೆತದ ಪಟದಲ್ಲಿ. ಕೋಲಿಗೂ ಚೆಂಡಿಗೂ ಆಗುವ ಸ್ಪರ್ಶದ ಅವಧಿ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ. ಕಣ್ಣಿಗೆ ನಿಲುಕದ ಈ ವೇಗವನ್ನು ಪಟಕ್ಕಿಳಿಸಿದವರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ ಪ್ರಸಿದ್ಧರು. ಅವರು 1938ರಲ್ಲಿ, ಬಿಟ್ಟುಬಿಟ್ಟು ಮಿಂಚುವ ದೀಪವೊಂದರ ಸಹಾಯದಿಂದ ಡೆನ್ಸ್‌ಮೋರ್ ಶೂಟ್ ಎಂಬ ಆಟಗಾರನ ಹೊಡೆತವನ್ನು ಒಂದೇ ಪಟದಲ್ಲಿ ಸೆರೆಹಿಡಿದರು. ಅದರಲ್ಲಿ ಒಂದೇ ಕೋಲು ಅನೇಕವಾಗಿ, ನವಿಲು ಗರಿಗೆದರಿದಂತೆ ಕಾಣುತ್ತದೆ.

ಇಂದಿನ ಕ್ಯಾಮೆರಾಗಳಿಗೆ ಸದ್ದೇ ಇಲ್ಲದ ಷಟರು ಬಂದಿದೆಯಲ್ಲ, ಇನ್ನೇನು ಕಷ್ಟ ಎಂದು ಯಾರಾದರೂ ಕೇಳಬಹುದು. ಅಲ್ಲಿಯೂ ಒಂದು ಸೋಜಿಗವಿದೆ. ಸದ್ದಿಲ್ಲದ ಷಟರು ಸಾಮಾನ್ಯವಾಗಿ ದೃಶ್ಯವನ್ನು ಒಮ್ಮೆಗೇ ಗ್ರಹಿಸದೆ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದಿಕೊಳ್ಳುತ್ತದೆ. ಅದು ಓದಿ ಮುಗಿಸುವಷ್ಟರಲ್ಲಿ ಕೋಲು ಎಷ್ಟೋ ಮುಂದೆ ಸಾಗಿರುತ್ತದೆ. ಫಲವೇನೆಂದರೆ, ನೆಟ್ಟಗಿರುವ ಕೋಲು ಪಟದಲ್ಲಿ ಬಿಲ್ಲಿನಂತೆ ಬಾಗಿ ಕಾಣುತ್ತದೆ! ಅತಿ ಶೀಘ್ರವಾಗಿ ಓದಬಲ್ಲ ದುಬಾರಿ ಕ್ಯಾಮೆರಾಗಳಲ್ಲಿ ಮಾತ್ರ ಈ ದೋಷ ಬಹುಮಟ್ಟಿಗೆ ಅಳಿಯುತ್ತದೆ.

ಅನುಭವಸ್ಥರು ಅನುಸರಿಸುವ ಮಾರ್ಗ ಸರಳವಾದದ್ದು: ಕಾಯುವುದು. ಚೆಂಡು ಹೋದ ಮೇಲೆ, ಕೋಲು ಹೆಗಲನ್ನು ಬಳಸಿ ಬೆನ್ನ ಹಿಂದೆ ಇಳಿದು, ಆಟಗಾರ ಮುಖವೆತ್ತಿ ದೂರಕ್ಕೆ ದೃಷ್ಟಿ ನೆಡುವ ಒಂದು ಗಳಿಗೆ ಉಂಟು. ಆಗ ಸದ್ದಾದರೂ ಹಾನಿಯಿಲ್ಲ. ಮುಖವೂ ಸ್ಪಷ್ಟ, ನಿಲುವೂ ಸುಂದರ. ಚೆಂಡು ಎಲ್ಲಿ ಬಿದ್ದಿತೆಂಬುದನ್ನು ಪಟ ಯಾರಿಗೂ ಹೇಳುವುದಿಲ್ಲ. ಮೇಲಧಿಕಾರಿಯ ಮಾತಿಗೆ ಕಟ್ಟುಬಿದ್ದು ಅಂದೇ ಮೊದಲ ಬಾರಿಗೆ ಕೋಲು ಹಿಡಿದ ಬಡಪಾಯಿಯೂ ಆ ಗಳಿಗೆಯಲ್ಲಿ ನುರಿತ ಆಟಗಾರನಂತೆಯೇ ಶೋಭಿಸುತ್ತಾನೆ. ಹುಲ್ಲಿನ ಹೆಂಟೆಯನ್ನು ಹಾರಿಸಿ ಚೆಂಡನ್ನು ಅಲ್ಲಿಯೇ ಉಳಿಸಿದ ಅವನ ಪಟವನ್ನು ಊಟದ ಹೊತ್ತಿಗೆ ಪರದೆಯ ಮೇಲೆ ತೋರಿಸಿ ನಗಿಸುವುದು ಸುಲಭ. ಆದರೆ ಆ ನಗೆ ಮರುದಿನ ಅವನ ಕಛೇರಿಯವರೆಗೂ ಹಿಂಬಾಲಿಸುತ್ತದೆ. ಅಂಥ ಪಟವನ್ನು ಅಳಿಸಿಬಿಡುವುದೂ ಈ ವೃತ್ತಿಯ ಧರ್ಮವೇ.

ಆಟದ ಚರಿತ್ರೆಯಲ್ಲಿ ಚಿರಸ್ಮರಣೀಯವಾದ ಪಟವೊಂದರಲ್ಲಿ ಆಟಗಾರನ ಮುಖವೇ ಕಾಣುವುದಿಲ್ಲ. ಬೆನ್ ಹೋಗನ್ 1949ರಲ್ಲಿ ತನ್ನ ಕಾರು ಬಸ್ಸಿಗೆ ಡಿಕ್ಕಿಯಾಗಿ, ಮತ್ತೆ ನಡೆದಾನೇ ಎಂಬ ಸ್ಥಿತಿಯಲ್ಲಿದ್ದವನು. ಮರುವರ್ಷ ಮೆರಿಯನ್ನಿನಲ್ಲಿ ನಡೆದ ಅಮೆರಿಕದ ಓಪನ್ ಸ್ಪರ್ಧೆಯಲ್ಲಿ, ಅಂತಿಮ ಸುತ್ತಿನ ಕಡೆಯ ಕುಳಿಯತ್ತ ಅವನು ಚೆಂಡು ಹೊಡೆದಾಗ ಹೈ ಪೆಸ್ಕಿನ್ ಹಿಂದೆ ನಿಂತು ತೆಗೆದ ಪಟವದು. ಹೋಗನ್ನನ ಬೆನ್ನು, ಎತ್ತಿದ ಕೈಗಳು, ಎದುರಿಗೆ ದೂರದ ಜನಸಂದಣಿ: ಕಾಣುವುದು ಇಷ್ಟೇ. ಮರುದಿನ ಅವನು ಗೆದ್ದ. ನೋವನ್ನುಂಡ ಮನುಷ್ಯನ ಹಟವನ್ನು ಹೇಳಲು ಆ ಬೆನ್ನೇ ಸಾಕಾಯಿತು.

ಇನ್ನೊಂದು ಪಟ 1913ರದು. ಬಾಸ್ಟನ್ನಿನ ಬಳಿಯ ಬ್ರೂಕ್‌ಲೈನಿನಲ್ಲಿ, ಅದೇ ಮೈದಾನದಲ್ಲಿ ಹಿಂದೆ ಚೀಲ ಹೊತ್ತಿದ್ದ 20 ವರ್ಷದ ಫ್ರಾನ್ಸಿಸ್ ವೀಮೆಟ್, ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಎಂಬ ಬ್ರಿಟಿಷ್ ದಿಗ್ಗಜರಿಬ್ಬರನ್ನೂ ಸೋಲಿಸಿ ಓಪನ್ ಗೆದ್ದ. ಅವನ ಚೀಲ ಹೊತ್ತಿದ್ದವನು ಎಡ್ಡಿ ಲೋವರಿ ಎಂಬ 10 ವರ್ಷದ ಬಾಲಕ. ನೀಳಕಾಯದ ಯುವಕನೂ, ಮೈಗೆ ಮೀರಿದ ಚೀಲ ಹೊತ್ತ ಹುಡುಗನೂ ಜೊತೆಯಾಗಿ ಹೆಜ್ಜೆಹಾಕುವ ಚಿತ್ರವೇ ಆ ಗೆಲುವಿನ ಗುರುತಾಗಿ ಇಂದಿಗೂ ಉಳಿದಿದೆ. ಹುಡುಗನನ್ನು ಪಕ್ಕಕ್ಕೆ ಸರಿಸಿದ್ದರೆ ಆ ಪಟಕ್ಕೆ ಜೀವವೆಲ್ಲಿರುತ್ತಿತ್ತು?

ಸರಿಸುವ ಕೆಲಸ ಮಾತ್ರ ಕಂಪನಿಗಳ ಗಾಲ್ಫ್ ದಿನದಲ್ಲಿ ಸಲೀಸಾಗಿ ನಡೆದುಹೋಗುತ್ತದೆ. ನಡುವೆ ನಿರ್ದೇಶಕರು, ಎಡಬಲಕ್ಕೆ ಅತಿಥಿಗಳು, ಹಿಂದೆ ಕಂಪನಿಯ ಬಾವುಟ. "ಕ್ಯಾಡಿಗಳು ಸ್ವಲ್ಪ ಆಚೆ ನಿಲ್ಲಿ" ಎಂಬ ಮಾತು ಯಾರ ಬಾಯಿಂದಲೋ ಹೊರಡುತ್ತದೆ. ಚೀಲ ಹೊರುವವನು, ಗಾಳಿಯ ದಿಕ್ಕು ತಿಳಿಸುವವನು, ಕಳೆದ ಚೆಂಡನ್ನು ಹುಡುಕಿ ತರುವವನು, ಹೊಡೆತ ಕೆಟ್ಟಾಗ "ಪರವಾಗಿಲ್ಲ ಸಾರ್" ಎನ್ನುವವನು, ಪಟದ ಹೊತ್ತಿಗೆ ಚೌಕಟ್ಟಿನ ಹೊರಗೆ ನಿಲ್ಲುತ್ತಾನೆ. ಸೂರ್ಯ ಮೇಲೇರುವ ಮೊದಲೇ ಬಂದು ಕಾದವನು ಅವನು. ಅತಿಥಿಗಳ ಕೈಗೆ ಬರುವ ನೆನಪಿನ ಕಾಣಿಕೆಯಲ್ಲಿ ಅವನ ನೆರಳೂ ಇರುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಯಂತ್ರವೇನೂ ಬೇಡ. ಆತಿಥೇಯರಿಗೆ ಬೇಕಾದ ಪಟವನ್ನು ತೆಗೆದ ಮೇಲೆ ಛಾಯಾಗ್ರಾಹಕ ಒಂದು ಮಾತು ಹೇಳಿದರಾಯಿತು: "ಇನ್ನೊಂದು ತೆಗೆಯೋಣ, ಇಷ್ಟವಿದ್ದರೆ ನೀವೂ ಬನ್ನಿ." ನಾಲ್ವರ ಪಕ್ಕದಲ್ಲಿ ಇನ್ನೂ ನಾಲ್ವರು ಬಂದು ನಿಂತರೆ ಚೌಕಟ್ಟು ಕಿರಿದಾಗುವುದಿಲ್ಲ; ಎರಡು ಹೆಜ್ಜೆ ಹಿಂದೆ ಸರಿದರೆ ಎಲ್ಲರಿಗೂ ಎಡೆಯಿದೆ. ಆ ಪಟದ ಒಂದು ಪ್ರತಿ ಕ್ಯಾಡಿಯ ಮನೆಗೂ ತಲುಪಿದರೆ, ತಂದೆ ದಿನವೂ ಹೋಗುವ ಆ ಹಸಿರು ಬಯಲು ಎಂಥದೆಂಬುದನ್ನು ಅವನ ಮಕ್ಕಳೂ ನೋಡಿಯಾರು.