ಬೀದಿಯ ಸದ್ದೇ ಇವರ ರಾಗ!

ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಕಿವಿ ಮುಚ್ಚಿಕೊಳ್ಳುವವರೇ ಹೆಚ್ಚು. ಹಾರನ್ನು, ಕಂಡಕ್ಟರನ ಸೀಟಿ, ಕಡಲೆಕಾಯಿ ಮಾರುವವನ ಕೂಗು... ಇದನ್ನೆಲ್ಲ ಸಂಗೀತ ಅಂದರೆ ಯಾರಾದರೂ ನಂಬುತ್ತಾರೆಯೇ? ನಂಬಿದ್ದಷ್ಟೇ ಅಲ್ಲ, ಅದರಲ್ಲೇ ಬಾಳು ಕಳೆದ ಹೆಂಗಸೊಬ್ಬರಿದ್ದಾರೆ. ಕೆನಡಾ ದೇಶದ ವ್ಯಾಂಕೂವರ್ ಊರಿನ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್.

ಪಿಟೀಲಿಲ್ಲ, ಹಾರ್ಮೋನಿಯಂ ಇಲ್ಲ. ಹೆಗಲಿಗೆ ಟೇಪ್ ರೆಕಾರ್ಡರ್, ಕೈಯಲ್ಲಿ ಮೈಕು, ಕಿವಿಗೆ ಹೆಡ್‌ಫೋನು. ಇಷ್ಟೇ ಸಾಮಾನು.

ಇಂಥದಕ್ಕೆ ಎಲೆಕ್ಟ್ರೋ-ಅಕೌಸ್ಟಿಕ್ ಸಂಗೀತ ಅಂತ ದೊಡ್ಡ ಹೆಸರು. ವಿಷಯ ಮಾತ್ರ ಸರಳ. ಸದ್ದನ್ನು ಹಿಡಿಯುವುದು, ಕತ್ತರಿಸುವುದು, ಜೋಡಿಸುವುದು, ನಿಧಾನ ಮಾಡುವುದು. ಟೇಪು ಅರ್ಧ ವೇಗಕ್ಕೆ ಇಳಿದರೆ ಸ್ವರವೂ ಒಂದು ಸ್ಥಾಯಿ ಕೆಳಗಿಳಿಯುತ್ತದೆ. 1948ರಲ್ಲೇ ಪ್ಯಾರಿಸ್ಸಿನ ಪಿಯೆರ್ ಷೆಫರ್ ಎಂಬಾತ ರೈಲಿನ ಸದ್ದು ಹಿಡಿದು ಹೀಗೆ ಸಂಗೀತ ಕಟ್ಟಿದ್ದ. ಜನ ನಕ್ಕರು. ಆದರೆ ದಾರಿ ಬಿತ್ತು.

ಊರಿನ ಸದ್ದಿನ ಜನಗಣತಿ

ವೆಸ್ಟರ್‌ಕಾಂಪ್ ಹುಟ್ಟಿದ್ದು 1946ರಲ್ಲಿ, ಜರ್ಮನಿಯ ಓಸ್ನಾಬ್ರೂಕ್‌ನಲ್ಲಿ. 1968ರಲ್ಲಿ ಊರು ಬಿಟ್ಟು ಕೆನಡಾ ಸೇರಿದರು. ವ್ಯಾಂಕೂವರಿನಲ್ಲಿ ಸಂಗೀತ ಓದಿದರು. ಆಮೇಲೆ ಸಿಕ್ಕವರು ಮರ್ರಿ ಷೆಫರ್. (ಪ್ಯಾರಿಸ್ಸಿನ ಷೆಫರ್ ಬೇರೆ, ಇವರು ಬೇರೆ. ಹೆಸರಷ್ಟೇ ಒಂದೇ ಬಗೆ!) ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಮರ್ರಿ ಷೆಫರ್ ಒಂದು ತಂಡ ಕಟ್ಟಿದ್ದರು. ಊರೂರಿನ ಸದ್ದನ್ನು ದಾಖಲು ಮಾಡುವುದು ಅದರ ಕೆಲಸ. ಯಾವ ಗಂಟೆ ನಿಂತುಹೋಯಿತು, ಯಾವ ಯಂತ್ರ ಹೊಸದಾಗಿ ಬಂದು ಬೊಬ್ಬೆ ಹಾಕುತ್ತಿದೆ, ಎಲ್ಲಕ್ಕೂ ಲೆಕ್ಕ! 1973ರಲ್ಲಿ ವ್ಯಾಂಕೂವರಿನ ಸದ್ದಿನ ಮೇಲೆ ಪುಸ್ತಕ, ರೆಕಾರ್ಡು ಎರಡನ್ನೂ ಈ ತಂಡ ಹೊರತಂದಿತು. ಎಪ್ಪತ್ತರ ದಶಕದ ಮೊದಲಲ್ಲೇ ವೆಸ್ಟರ್‌ಕಾಂಪ್ ಈ ತಂಡ ಸೇರಿದರು.

ಮುಂದೆ ಊರಿನ ಸಹಕಾರಿ ರೇಡಿಯೋದಲ್ಲಿ ಅವರದೇ ಕಾರ್ಯಕ್ರಮ, 1978-79ರಲ್ಲಿ. ಮೈಕು ಹಿಡಿದು ನಡೆಯುವುದು, ಕೇಳಿಸಿದ್ದನ್ನು ಕೇಳುಗರಿಗೆ ಮುಟ್ಟಿಸುವುದು. ತಮ್ಮ ಊರನ್ನೇ ಜನ ರೇಡಿಯೋದಲ್ಲಿ ಕೇಳಿದರು!

ಅಂಗಡಿಯವರು ಕೇಳಿ

ದೊಡ್ಡ ದೊಡ್ಡ ಅಂಗಡಿಗಳಲ್ಲಿ ಮೆಲ್ಲಗೆ ಹಾಡು ಹಾಕಿರುತ್ತಾರಲ್ಲ, ಗಿರಾಕಿ ಇನ್ನಷ್ಟು ಹೊತ್ತು ನಿಲ್ಲಲಿ ಅಂತ? ಅದನ್ನು ಕಂಡರೆ ವೆಸ್ಟರ್‌ಕಾಂಪ್‌ಗೆ ಆಗದು. ಕೇಳಿಯೂ ಕೇಳದ ಹಾಗೆ ಇರುವುದನ್ನು ಅದು ಕಲಿಸುತ್ತದೆ ಅನ್ನುವುದು ಅವರ ತಕರಾರು. ಕಿವಿ ಒಮ್ಮೆ ಹಾಗೆ ಮರಗಟ್ಟಿದರೆ ಒಳ್ಳೆಯ ಸದ್ದೂ ಹೋಯಿತು, ಕೆಟ್ಟ ಸದ್ದಿನ ಮೇಲೆ ದೂರು ಕೊಡುವ ಬುದ್ಧಿಯೂ ಹೋಯಿತು.

1989ರ ಒಂದು ಕೃತಿಯಲ್ಲಿ ಅವರು ವ್ಯಾಂಕೂವರಿನ ಕಡಲ ದಂಡೆಯಲ್ಲಿ ನಿಂತಿದ್ದಾರೆ. ಬಂಡೆಗೆ ಕಚ್ಚಿಕೊಂಡ ಪುಟ್ಟ ಚಿಪ್ಪುಜೀವಿಗಳು ಚಿಟಿಚಿಟಿ ಅನ್ನುತ್ತಿವೆ. ಹಿಂದೆ ಊರಿನ ಮೊರೆತ ಅದನ್ನು ನುಂಗುತ್ತಿದೆ. ಆಗ ಅವರೇ ಮಾತಾಡುತ್ತಾರೆ: ಸ್ಟುಡಿಯೋದಲ್ಲಿ ಊರನ್ನು ಅಡಗಿಸಬಹುದು, ಬೇಕಾದರೆ ಏರಿಸಲೂಬಹುದು ಎಂದು ಹೇಳಿ, ಮಾಡಿಯೂ ತೋರಿಸುತ್ತಾರೆ. ಊರು ಮಾಯ! ಚಿಟಿಚಿಟಿ ಮಾತ್ರ. ಮೋಡಿ ಮಾಡುವವರು ಗುಟ್ಟು ಮುಚ್ಚಿಡುತ್ತಾರೆ. ಈಯಮ್ಮ ಗುಟ್ಟು ಬಿಚ್ಚಿಟ್ಟೇ ಮೋಡಿ ಮಾಡುತ್ತಾರೆ.

ಮೆಕ್ಸಿಕೋ ಮರಳುಗಾಡಿನ ಒಂದು ಜೀರುಂಡೆಯ ರಾತ್ರಿ ಹಾಡು, ಕಳ್ಳಿಗಿಡದ ಮುಳ್ಳು ಮೀಟಿದ ಸದ್ದು, ಇವುಗಳಿಂದ 1987ರಲ್ಲೇ ಒಂದು ಕೃತಿ ಮಾಡಿದ್ದರು. 1992ರದ್ದು ಕಾಡಿನದು. ಬ್ರಿಟಿಷ್ ಕೊಲಂಬಿಯಾದ ಹಳೇ ಮರಗಳ ನಡುವೆ ಕಾಡುಕಾಗೆಯ ಕೂಗು ಹಿಡಿದು ನಿಧಾನ ಮಾಡಿದರೆ ಅದು ನಗಾರಿ ಬಡಿತವಾಯಿತು. ಆ ಕಾಡುಗಳಲ್ಲಿ ಕೊಡಲಿ, ಗರಗಸದ ಜಗಳ ಜೋರಾಗಿದ್ದ ಕಾಲವದು.

ದುಃಖಕ್ಕೂ ಸದ್ದಿದೆ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿಗೆ ಬಂದೂಕು ಹಿಡಿದು ನುಗ್ಗಿದವನೊಬ್ಬ 14 ಹೆಣ್ಣುಮಕ್ಕಳನ್ನು ಕೊಂದ. ಮರುವರ್ಷವೇ ವೆಸ್ಟರ್‌ಕಾಂಪ್ ಇಗರ್ಜಿಯ ಎಂಟು ಗಂಟೆ, ಗಾಯಕರ ಮೇಳ, ವಾದ್ಯ, ಟೇಪು ಸೇರಿಸಿ ಅವರ ನೆನಪಿಗೆ ಕೃತಿ ಬರೆದರು. ಕಾಲೇಜಿನ ಹೆಸರೇ ಅದರ ಹೆಸರು.

ದಿಲ್ಲಿಯ ಕೂಗು

1992ರಲ್ಲಿ ಕಾರ್ಯಾಗಾರ ನಡೆಸಲು ಹೊಸದಿಲ್ಲಿಗೆ ಬಂದರು. ತಳ್ಳುಗಾಡಿಯವರ ಕೂಗು, ಸ್ಕೂಟರು, ಗಂಟೆ, ಹಾರನ್ನು! ಮತ್ತೆ ಮತ್ತೆ ಬಂದರು. 1997ರಲ್ಲಿ ಆ ಸದ್ದುಗಳಿಂದಲೇ ಒಂದು ಕೃತಿ ಸಿದ್ಧವಾಯಿತು. ಆದರೆ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ. ಹೊರಗಿನವರು ಬಂದು ಇನ್ನೊಬ್ಬರ ಬೀದಿಯ ಸದ್ದು ಕೊಂಡೊಯ್ದರೆ ಅದು ಕೇಳುವುದೋ, ಕಸಿಯುವುದೋ? ಕೃತಿಯ ಹೆಸರಿನಲ್ಲೇ ಅವರು ಪರ ಊರು ಅನ್ನುವ ಮಾತಿಟ್ಟರು. ತಮ್ಮದಲ್ಲದ್ದನ್ನು ತಮ್ಮದು ಅನ್ನಲಿಲ್ಲ.

ವಿದ್ಯಾರ್ಥಿಗಳಿಗೆ, ಊರ ಜನಕ್ಕೆ ಅವರು ಕಲಿಸಿದ ಪಾಠ ಒಂದೇ. ನಡೆಯಿರಿ, ಮಾತಾಡಬೇಡಿ, ಕೇಳಿ. ಕಾಸು ಖರ್ಚಿಲ್ಲ, ಯಂತ್ರ ಬೇಕಿಲ್ಲ. ಯಾವ ಸದ್ದು ಉಳಿಯಬೇಕು, ಯಾವುದು ತೊಲಗಬೇಕು ಅಂತ ಹೇಳುವ ಹಕ್ಕು ಕೇಳಿದವನಿಗಷ್ಟೇ ಇರುತ್ತದೆ.

ಸಂಜೆ ಬಸ್ಸು ತಡವೇ? ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ ನೋಡಿ. ಬಸ್ಸು ಬಂದದ್ದೂ ಕಿವಿಗೇ ಮೊದಲು ಗೊತ್ತಾಗುತ್ತದೆ!